ಭಾವನ ಬಣ್ಣ, ಅಕ್ಕನ ಕಣ್ಣು

ಕಿವುಡರೊಬ್ಬರು ಸಂಗೀತದ ಪಾಠ ಹೇಳುತ್ತಾರೆಂದರೆ ನೀವು ನಂಬುತ್ತೀರಾ? ಈಜು ಬಾರದವರೊಬ್ಬರು ಕಾಳಿ ನದಿಯಲ್ಲಿ ದೋಣಿ ನಡೆಸುತ್ತಾರೆಂದರೆ? ನಂಬುವುದಿಲ್ಲ ತಾನೆ. ಹಾಗಾದರೆ ಇದನ್ನೂ ನಂಬಬೇಡಿ. ಕೆಂಪು ಯಾವುದು, ಹಸಿರು ಯಾವುದು ಎಂದು ತಿಳಿಯದ ಒಬ್ಬ ಮನುಷ್ಯ ದಾಂಡೇಲಿಯ ಪೇಟೆಯಲ್ಲಿ, ಹಾಡಹಗಲೇ, ಕಲರ್ ಫೋಟೋ ಸ್ಟುಡಿಯೋ ಇಟ್ಟುಕೊಂಡು ಸುತ್ತಲಿನ ತಾಲೂಕುಗಳ ಮದುಮಕ್ಕಳಿಗೆಲ್ಲ ಬಣ್ಣ ಹಚ್ಚುತ್ತಿದ್ದ! ಆ ಮಹಾನುಭಾವ ಬೇರೆ ಯಾರೂ ಅಲ್ಲ, ನನ್ನ ಖಾಸಾ ಭಾವ, ಅಕ್ಕನ ಗಂಡ. ಗೌರವದ ಬಹುವಚನವನ್ನು ಇನ್ನು ಮುಂದೆ ತಪ್ಪದೆ ಕೊಡುತ್ತೇನೆ. ಇಲ್ಲದಿದ್ದರೆ ಇದನ್ನು ಓದಿ ಅಕ್ಕ ನನ್ನ ಕಿವಿ ಹಿಂಡುತ್ತಾಳೆ.

ಭಾವನನ್ನು ಕಾಡಿಸುವುದು ನಾದಿನಿಗೆ ಹುಟ್ಟಿನಿಂದ ಬಂದ ಹಕ್ಕು. ನಾನು ಹಳಿಯಾಳದ ಶಾಲೆಯೊಂದರಲ್ಲಿ ಟೀಚರಾಗಿದ್ದೆ. ರವಿವಾರ ಬಂತೆಂದರೆ ದಾಂಡೇಲಿ ಬಸ್ಸು ಹತ್ತಿ ಅಕ್ಕನ ಮನೆಗೆ ಹೋಗುವುದು, ರೊಟ್ಟಿ ಬದನೆಕಾಯಿ ಎಣ್ಣೆಗಾಯಿ ಹೊಡೆಯುವುದು, ಆಮೇಲೆ ಮನೆಯ ಮುಂಭಾಗದಲ್ಲೇ ಇದ್ದ ಸ್ಟುಡಿಯೋದಲ್ಲಿ ಕೂತು ಭಾವನನ್ನು ಕೆಣಕುವುದು ನನ್ನ ರೂಢಿ, ನನ್ನ ಮದುವೆಯಾದ ಮೇಲೂ ಅದು ತಪ್ಪಲಿಲ್ಲ. ಅವರು ಸಿಟ್ಟಾಗುತ್ತಿರಲಿಲ್ಲ. ಸಿಟ್ಟಾಗುವುದಕ್ಕೆ ಎಚ್ಚರವಾದರೂ ಇರಬೇಕಲ್ಲ! ಅವರು ಯಾವಾಗಲೂ ಅರ್ಧ ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದರು. ಕೇಳಿದರೆ, ಕಣ್ಣು ಅರ್ಧ ಮುಚ್ಚಿದರೆ ಜಗತ್ತು ಸಣ್ಣ ಫೋಟೋ ಆಗುತ್ತದೆ, ಬೇಡದ್ದೆಲ್ಲ ಕಾಣುವುದು ತಪ್ಪುತ್ತದೆ ಎನ್ನುತ್ತಿದ್ದರು. ಗಿರಾಕಿಗಳು ಮಾತ್ರ ಫೋಟೋದವರು ಊಟ ಆದ ಮೇಲೆ ಮಲಗಿದ್ದಾರೆಂದು ತಿಳಿದು ಬಾಗಿಲಲ್ಲೇ ಕೆಮ್ಮುತ್ತಿದ್ದರು.

ಅವರಿಗೆ ಬಣ್ಣ ತಿಳಿಯುವುದಿಲ್ಲ ಎಂಬುದು ಗೊತ್ತಾದದ್ದೂ ಒಂದು ಕತೆಯೇ. ಅವರ ಅಪ್ಪ ಧಾರವಾಡದ ಕಡೆಯಿಂದ ಬಂದು ಕಾಗದದ ಕಾರ್ಖಾನೆ ಸೇರಿದವರು. ಮಗನೂ ಅಲ್ಲೇ ಸೇರಲೆಂದು ಅರ್ಜಿ ಹಾಕಿಸಿದರು. ಎತ್ತರ, ತೂಕ, ಎದೆ ಎಲ್ಲ ಸರಿಹೋಗಿ, ಕೊನೆಗೆ ಡಾಕ್ಟರು ಬಣ್ಣದ ಚುಕ್ಕಿಗಳಿದ್ದ ಒಂದು ರಟ್ಟು ತೋರಿಸಿ ಏನು ಕಾಣುತ್ತದೆ ಎಂದು ಕೇಳಿದರಂತೆ. ಚುಕ್ಕಿಗಳ ನಡುವೆ ಒಂದು ಅಂಕಿ ಅಡಗಿರುತ್ತದೆ, ಕಣ್ಣಿದ್ದವರಿಗೆ ಕಾಣುತ್ತದೆ. ಭಾವ ಬಹಳ ಹೊತ್ತು ನೋಡಿ, "ಚುಕ್ಕಿ ಛಲೋ ಇಟ್ಟಾರ್ರಿ ಸಾಹೇಬ್ರ. ಗೆರಿ ಎಳಿಯೂದೊಂದು ಬಾಕಿ ಐತಿ" ಎಂದರಂತೆ. ರಂಗೋಲಿಯ ಮಾತು ಕೇಳಿ ಡಾಕ್ಟರು ಪೆನ್ನು ಕೆಳಗಿಟ್ಟರು, ನೌಕರಿಯ ಕತೆ ಅಲ್ಲಿಗೆ ಮುಗಿಯಿತು.

ಹಾಗೆ ಹೊರಬಿದ್ದವರು ಕಿರಾಣಿ ಅಂಗಡಿ ಇಡಬಹುದಿತ್ತು, ಹಿಟ್ಟಿನ ಗಿರಣಿ ಹಾಕಬಹುದಿತ್ತು. ಹಾಕಿದ್ದು ಫೋಟೋ ಸ್ಟುಡಿಯೋ! ಆಗ ಫೋಟೋಗಳೆಲ್ಲ ಕಪ್ಪು ಬಿಳುಪು. ಇಡೀ ಜಗತ್ತೇ ನನ್ನ ಕಣ್ಣಿಗೆ ಇಳಿದು ಬಂದಿತ್ತು, ನಾನು ಯಾಕೆ ಬಿಡಲಿ ಎನ್ನುವುದು ಅವರ ವಾದ. ಆಮೇಲೆ ಕಲರ್ ಬಂತು. ಬಂದರೇನು, ರೀಲು ತೊಳೆಯುವುದಕ್ಕೆ ಹುಬ್ಬಳ್ಳಿಗೆ ಹೋಗುತ್ತಿತ್ತು. ಮದುಮಗಳು ಕಪ್ಪಗೆ ಬಂದರೂ ಕೆಂಪಗೆ ಬಂದರೂ ಪಾಪವೆಲ್ಲ ಹುಬ್ಬಳ್ಳಿಗೆ ಸೇರಿದ್ದು.

ಅವರು ಅಕ್ಕನನ್ನು ನೋಡಲು ಮುಂಡಗೋಡ ತಾಲೂಕಿನ ಮಳಗಿಯ ನಮ್ಮ ಮನೆಗೆ ಬಂದ ದಿನ ನಾನು ಬಾಗಿಲ ಹಿಂದೆಯೇ ಇದ್ದೆ. ಉಪ್ಪಿಟ್ಟು ಆಯಿತು, ಚಹಾ ಆಯಿತು. ಹುಡುಗ ಏನಾದರೂ ಕೇಳಲಿ ಎಂದು ಹಿರಿಯರು ಒತ್ತಾಯ ಮಾಡಿದರು. ಅಡುಗೆ ಬರುತ್ತದೆಯೋ, ಹಾಡು ಬರುತ್ತದೆಯೋ ಎಂದು ಕೇಳುವುದು ಬಿಟ್ಟು ಭಾವ, ಉಟ್ಟಿರುವ ಸೀರೆ ಯಾವ ಬಣ್ಣದ್ದು ಎಂದು ಕೇಳಿದರು! ಎದುರಿಗೇ ಕೂತಿದ್ದಾಳೆ, ಸೀರೆ ಉಟ್ಟೇ ಕೂತಿದ್ದಾಳೆ. ನಮ್ಮಪ್ಪನ ಮುಖ ಸಣ್ಣದಾಯಿತು. ಅಕ್ಕ ಮಾತ್ರ ತಲೆ ಎತ್ತಿ ನೋಡಿದಳು.

"ನಿಮಗ ಹೆಂಗ ಕಾಣ್ತೈತಿ?" ಎಂದಳು.

"ನನಗ ಛಂದ ಕಾಣ್ತೈತಿ. ಬಣ್ಣ ಅಷ್ಟ ಗೊತ್ತಾಗವಲ್ದು. ಅದನ್ನ ನೀವು ಹೇಳಬೇಕು," ಎಂದರು ಭಾವ.

ಹಿರಿಯರೆಲ್ಲ ಹುಡುಗ ಕವಿ ಇದ್ದಾನೆಂದು ತಲೆದೂಗಿದರು. ಅವರು ತಮ್ಮ ಕಣ್ಣಿನ ವಿಚಾರ ಮುಚ್ಚಿಡದೆ ಹೇಳುತ್ತಿದ್ದಾರೆ ಎಂದು ಅರ್ಥವಾದದ್ದು ಅಕ್ಕನಿಗೆ ಒಬ್ಬಳಿಗೇ. ಗೋಧಿ ರೊಟ್ಟಿ ಹದವಾಗಿ ಬೆಂದಾಗ ಬರುವ ಬಣ್ಣ ಎಂದಳು. ಅವರು ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡರು. ಮದುವೆ ಗಟ್ಟಿಯಾಯಿತು.

ಅಕ್ಕನ ಬಣ್ಣಗಳೆಲ್ಲ ಹೀಗೇ. ಅವಳ ಬಾಯಲ್ಲಿ ಬರೀ ಹಸಿರು, ಬರೀ ಕೆಂಪು ಎಂಬುದು ಬಂದದ್ದೇ ಇಲ್ಲ. ಹುಣಸೆ ಚಿಗುರು, ನೆನೆಸಿದ ಹೆಸರುಕಾಳು, ಹಳೇ ಬೆಲ್ಲ, ತೊಳೆದಿಟ್ಟ ಹಂಚು. ನಾನು ರಾತ್ರಿ ಅಲ್ಲೇ ಉಳಿದಿದ್ದರೆ, ಚಳಿಗಾಲದ ಬೆಳಿಗ್ಗೆ ಮೂವರೂ ಕೋಗಿಲಬನದ ಕಡೆ ಹೋಗಿ ಕಾಳಿಯ ದಂಡೆಯಲ್ಲಿ ಕೂತಿರುತ್ತಿದ್ದೆವು. ಮಂಜು ನೀರಿನ ಮೇಲೆಯೇ ಮಲಗಿರುತ್ತಿತ್ತು, ಆಚೆ ದಡ ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಭಾವ ಕಣ್ಣು ಅರ್ಧ ಮುಚ್ಚಿ, ಈಗ ಹೊಳೆ ಯಾವ ಬಣ್ಣ ಎಂದು ಕೇಳುತ್ತಿದ್ದರು. ಅಕ್ಕಿ ತೊಳೆದ ಮೊದಲ ನೀರು ಎನ್ನುತ್ತಿದ್ದಳು ಅಕ್ಕ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳುತ್ತಿದ್ದರು. ಅಕ್ಕಿ ತೊಳೆದ ಎರಡನೆಯ ನೀರು! ಹೀಗೆ ಬಿಸಿಲು ಏರಿ ಮಂಜು ಹರಿಯುವವರೆಗೂ ಗಂಡ ಹೆಂಡತಿ ಹೊಳೆಯ ಬಣ್ಣ ಹೇಳಿಕೊಂಡು ಕೂತಿರುತ್ತಿದ್ದರು. ನನಗೆ ನಿದ್ದೆ ಬಂದು ಅಲ್ಲೇ ಮರಕ್ಕೆ ಒರಗುತ್ತಿದ್ದೆ. ಅಂಥ ಸುಖದ ನಿದ್ದೆ ಆಮೇಲೆ ನನಗೆ ಎಲ್ಲೂ ಬಂದಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಸ್ಟುಡಿಯೋಗೆ ಕಂಪ್ಯೂಟರ್ ಬಂತು. ಯಾರೋ ಉಪಯೋಗಿಸಿ ಬಿಟ್ಟ ಹಳೆಯದು. ಜೊತೆಗೆ ಒಂದು ಸ್ಕ್ಯಾನರು, ಒಂದು ಪ್ರಿಂಟರು. ಇಷ್ಟು ದಿನ ಹುಬ್ಬಳ್ಳಿಗೆ ಹೋಗುತ್ತಿದ್ದ ಪಾಪ ಈಗ ಮನೆಗೇ ಬಂದು ಕೂತಿತು. ಪರದೆಯ ಮೇಲೆ ಕಂಡ ಬಣ್ಣ ಕಾಗದದ ಮೇಲೆ ಹಾಗೆಯೇ ಬರುವುದಿಲ್ಲ ಎಂಬುದು ಮೊದಲ ವಾರವೇ ಗೊತ್ತಾಯಿತು. ಭಾವ ಅದನ್ನು ನನಗೆ ಹೀಗೆ ತಿಳಿಸಿ ಹೇಳಿದರು: ಪರದೆಯದು ಬೆಳಕಿನ ಬಣ್ಣ, ಎಲ್ಲ ಬೆರೆತರೆ ಬಿಳಿ. ಕಾಗದದ್ದು ಮಸಿಯ ಬಣ್ಣ, ಎಲ್ಲ ಬೆರೆತರೆ ಕಪ್ಪು. ಒಂದರ ಮಾತು ಒಂದಕ್ಕೆ ತಿಳಿಯುವುದಿಲ್ಲ, ನಡುವೆ ಒಬ್ಬರು ಬದಲಿ ಮಾಡಿ ಹೇಳಬೇಕು. ಗಂಡನ ಮನೆಗೂ ತವರಿಗೂ ನಡುವೆ ಓಡಾಡುವ ಸೋದರಮಾವನ ಕೆಲಸ ಎಂದೆ ನಾನು. ಅದೇ ಎಂದು ಅವರು ಸಂತೋಷಪಟ್ಟರು.

ಆದರೆ ಆ ಕಂಪ್ಯೂಟರಿಗೆ ಈ ಕೆಲಸ ಹೇಳಿದರೆ ಅದು ಉಸಿರು ಬಿಡುತ್ತಿತ್ತು. ಗೋಡೆಗೆ ಹಾಕುವಷ್ಟು ದೊಡ್ಡ ಫೋಟೋದ ಬಣ್ಣ ಬದಲಿ ಮಾಡು ಎಂದು ಒತ್ತಿ, ಒಳಗೆ ಹೋಗಿ ಚಹಾ ಮಾಡಿ, ಕುಡಿದು, ಕಪ್ಪು ಬಸಿ ತೊಳೆದಿಟ್ಟು ಬಂದರೂ ಅದು ಇನ್ನೂ ಮದುಮಗನ ರುಮಾಲಿನಲ್ಲೇ ಇರುತ್ತಿತ್ತು. ಅಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಮತ್ತೆ ರುಮಾಲಿನಿಂದ ಆರಂಭ! ಮುಗಿದ ಮೇಲೆ ಅಕ್ಕ ನೋಡಿ ಬಣ್ಣ ಸರಿ ಇಲ್ಲ ಎಂದರೆ ಮತ್ತೊಂದು ಚಹಾ. ಆ ತಿಂಗಳು ಮನೆಯಲ್ಲಿ ಸಕ್ಕರೆ ಉಳಿಯಲಿಲ್ಲ.

ಆಗ ಭಾವ ಒಂದು ಉಪಾಯ ಕಂಡುಕೊಂಡರು. ಒಂದೇ ಫೋಟೋವನ್ನು ಸಣ್ಣದು, ನಡುವಿನದು, ದೊಡ್ಡದು ಎಂದು ಬೇರೆಬೇರೆ ಅಳತೆಯಲ್ಲಿ ಒಟ್ಟಿಗೇ ಇಡುವುದು. ಬಣ್ಣ ಬದಲಿಸುವುದು ಮೊದಲು ಹೆಬ್ಬೆಟ್ಟಿನಷ್ಟು ಸಣ್ಣದರಲ್ಲಿ ಮಾತ್ರ. ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ. ಅದನ್ನು ಅಕ್ಕ ನೋಡಿ ಒಪ್ಪಿದಳೋ, ಅವಳು ಹೇಳಿದ ಹದವನ್ನು, ಅಂದರೆ ಕೆಂಪು ಇಷ್ಟು, ಹಳದಿ ಇಷ್ಟು ಎಂಬ ಅಂಕಿಗಳನ್ನು, ಫೋಟೋದ ಪಕ್ಕಕ್ಕೆ ಬರೆದು ಇಡುವುದು. ಮೂಲ ಫೋಟೋವನ್ನು ಮುಟ್ಟುವುದೇ ಇಲ್ಲ. ಯಾವ ಅಳತೆ ಬೇಕೋ ಆಗ ಅದಕ್ಕಷ್ಟೇ, ಯಾವ ಭಾಗ ಬೇಕೋ ಆ ಭಾಗಕ್ಕಷ್ಟೇ ಹದ ಹಾಕಿ ಕಾಗದಕ್ಕೆ ಇಳಿಸುವುದು. ಇದು ಕಂಡದ್ದೇ ತಡ, ಭಾವನಿಗೆ ಜ್ಞಾನೋದಯವಾದಂತಾಯಿತು. ಬಂದವರಿಗೆಲ್ಲ ಉಪದೇಶ ಶುರು. "ಅನ್ನ ಬೆಂದದ್ದು ನೋಡಾಕ ಒಂದು ಅಗುಳ ಹಿಚುಕಿದರ ಸಾಕು. ಗಡಿಗಿ ಅನ್ನ ಎಲ್ಲಾ ಹಿಚುಕಿ ನೋಡೂ ಮಂದಿ ಜಗತ್ತಿನ್ಯಾಗ ಭಾಳ ಆಗ್ಯಾರ," ಎನ್ನುವರು. ಪಾಸ್‌ಪೋರ್ಟ್ ಫೋಟೋಗೆ ಬಂದವರು ಈ ಪ್ರವಚನ ಮುಗಿಯುವವರೆಗೂ ತಲೆ ಬಾಚಿಕೊಂಡು ನಿಲ್ಲಬೇಕಾಗಿತ್ತು.

ಕೆಲಸ ಹೇಗೆ ನಡೆಯುತ್ತಿತ್ತೆಂದರೆ, ಅಕ್ಕ ಮೊರದಲ್ಲಿ ಅಕ್ಕಿ ಹಾಕಿಕೊಂಡು ಅವರ ಸ್ಟೂಲಿನ ಪಕ್ಕ ಕೂರುವಳು. ಒಂದು ಕಣ್ಣು ಕಲ್ಲಿನ ಮೇಲೆ, ಒಂದು ಕಣ್ಣು ಪರದೆಯ ಮೇಲೆ. ಸಣ್ಣ ಫೋಟೋ ನೋಡಿ, ಇನ್ನೂ ಒಂದು ಚಿಟಿಕೆ ಅರಿಶಿನ ಎನ್ನುವಳು. ಭಾವ ಒಂದು ಅಂಕಿ ಏರಿಸುವರು. ಗಲ್ಲಕ್ಕೆ ಹಳೇ ಬೆಲ್ಲದ ಕಳೆ ಬರಲಿ ಎನ್ನುವಳು. ಮತ್ತೊಂದು ಅಂಕಿ. ಅವಳ ಯಾವ ಮಾತಿಗೆ ಯಾವ ಅಂಕಿ ಎಂಬುದು ಅವರಿಗೆ ಬಾಯಿಪಾಠ. ಮಧ್ಯಾಹ್ನ ಹೊರಗೆ ಪೇಟೆಯೆಲ್ಲ ತೂಕಡಿಸುತ್ತಿರುವಾಗ ಒಳಗೆ ಇವರಿಬ್ಬರ ಈ ಜಪ ಕೇಳುತ್ತ ನಾನೂ ತೂಕಡಿಸುತ್ತಿದ್ದೆ. ಫೋಟೋಗಳಿಗೆ ಎಷ್ಟು ಒಳ್ಳೆಯ ಹೆಸರು ಬಂತೆಂದರೆ ಹಳಿಯಾಳ ಮುಂಡಗೋಡಗಳಿಂದಲೂ ಜನ ಬರತೊಡಗಿದರು. ಭಾವನ ಕಣ್ಣು ಬಹಳ ಸೂಕ್ಷ್ಮ ಎಂದು ಜನ ಹೊಗಳುವಾಗ ನಾನು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡುತ್ತಿದ್ದೆ.

ಒಮ್ಮೆ ಜೋಯಿಡಾದ ಆಚೆ ಕುಂಬಾರವಾಡದಿಂದ ಒಬ್ಬ ಹಿರಿಯರು ಬಂದರು. ಕೊಂಕಣಿ ಬೆರೆತ ಮಾತು. ತಮ್ಮದೊಂದು ಹಳೆಯ ಫೋಟೋ ದೊಡ್ಡದು ಮಾಡಿಸಬೇಕಿತ್ತು. ಭಾವ ರೂಢಿಯಂತೆ ಮೊದಲು ಹೆಬ್ಬೆಟ್ಟಿನಷ್ಟು ಮಾಡಿ ತೋರಿಸಿದರು. ಹಿರಿಯರಿಗೆ ಭಾರೀ ಬೇಜಾರಾಯಿತು. ದೊಡ್ಡದು ಮಾಡಿ ಎಂದರೆ ಇದ್ದದ್ದನ್ನೂ ಸಣ್ಣದು ಮಾಡಿದರಲ್ಲ ಎಂದು ಗೋಳಾಡಿದರು. ಅವರನ್ನು ಸಮಾಧಾನ ಮಾಡುವುದರಲ್ಲೇ ಹೊತ್ತು ಹೋಗಿ ಊರಿಗೆ ಹೋಗುವ ಬಸ್ಸಿನ ಸಮಯ ಆಗಿಬಿಟ್ಟಿತು. ತಪ್ಪಿದರೆ ಆ ಕಡೆಗೆ ಆ ದಿನ ಇನ್ನೊಂದು ಬಸ್ಸಿಲ್ಲ. ಭಾವ ಅವಸರದಲ್ಲಿ ಮುಖಕ್ಕಷ್ಟೇ ಹದ ಹಾಕಿ, ಅಂಗಿಯನ್ನು ಇದ್ದಂತೆಯೇ ಬಿಟ್ಟು, ಪ್ರಿಂಟು ತೆಗೆದು ಕೈಗಿತ್ತರು. ಮುಖ ಸಾಕ್ಷಾತ್ ಮುಖದಂತೆಯೇ ಇತ್ತು. ಬಿಳಿ ಅಂಗಿ ಮಾತ್ರ ಎಂಥದೋ ಪಾಚಿ ಹಸಿರು! ಮರಳಿ ಬಂದು ಜಗಳ ತೆಗೆಯುತ್ತಾರೆಂದು ನಾವು ಕಾದೆವು. ಅವರು ಬರಲಿಲ್ಲ. ಅವರ ಊರಿನ ಇಬ್ಬರು ಬಂದು, ಅವರಿಗೆ ಹೊಲಿದುಕೊಟ್ಟಂಥದೇ ಅಂಗಿ ನಮ್ಮ ಫೋಟೋಗೂ ಹೊಲಿದುಕೊಡಿ ಎಂದು ಕೇಳಿದರು.

ಇಷ್ಟರವರೆಗೆ ನಗುವಂಥದ್ದೇ. ಆಮೇಲೆ ಊರು ನೀಲಿಯಾಗತೊಡಗಿತು.

ಮೊದಲು ಗೊತ್ತಾದದ್ದು ನಮ್ಮ ಶಾಲೆಯ ಹೆಡ್‌ಮಾಸ್ತರರ ಮಗಳ ಮದುವೆಯಲ್ಲಿ. ನಾನೇ ಶಿಫಾರಸು ಮಾಡಿ ಭಾವನನ್ನು ಕರೆಸಿದ್ದೆ. ಆಲ್ಬಮ್ ಬಂತು. ಅರಿಶಿನ ಹಚ್ಚುವ ಶಾಸ್ತ್ರದ ಫೋಟೋಗಳಲ್ಲಿ ಅರಿಶಿನವೇ ಇಲ್ಲ! ಮುತ್ತೈದೆಯರೆಲ್ಲ ಸೇರಿ ಹುಡುಗಿಗೆ ಸುಣ್ಣ ಬಳಿಯುತ್ತಿರುವಂತೆ ಇತ್ತು. ಮದುಮಗನಂತೂ ಕಾಳಿಯಲ್ಲಿ ಮುಳುಗಿ ಆಗಷ್ಟೇ ಎದ್ದು ಬಂದವನಂತೆ ನೀಲಿಗಟ್ಟಿ ನಿಂತಿದ್ದ. ಹೆಡ್‌ಮಾಸ್ತರರ ಹೆಂಡತಿ ನನ್ನೊಂದಿಗೆ ಮಾತು ಬಿಟ್ಟರು.

ಮುಂದಿನ ರವಿವಾರ ಹೋಗಿ ಭಾವನೊಂದಿಗೆ ಜಗಳವಾಡಿದೆ. ಮಸಿಯ ದೋಷ ಎಂದರು. ವೋಲ್ಟೇಜು ಎಂದರು. ಮಳೆಗಾಲದಲ್ಲಿ ಕಾಗದ ಥಂಡಿ ಹಿಡಿಯುತ್ತದೆ ಎಂದರು. ನನಗೆ ನಂಬಿಕೆ ಬರಲಿಲ್ಲ. ಊಟಕ್ಕೆ ಕೂತೆವು. ಅನ್ನದಲ್ಲಿ ಕಟಕ್ಕೆಂದು ಕಲ್ಲು ಸಿಕ್ಕಿತು, ಸ್ವಲ್ಪ ಹೊತ್ತಿಗೆ ಇನ್ನೊಂದು. ಅಕ್ಕನ ಅನ್ನದಲ್ಲಿ ಕಲ್ಲು! ಭಾವನ ಕಡೆ ನೋಡಿದೆ. ಅವರು ಏನೂ ಆಗದವರ ಹಾಗೆ ಮೆಲ್ಲಗೆ ಅಗಿಯುತ್ತಿದ್ದರು, ಆದರೆ ಅವರಿಗೂ ಸಿಕ್ಕಿದೆ ಎಂದು ದವಡೆ ನೋಡಿಯೇ ತಿಳಿಯಿತು. ಊಟವಾದ ಮೇಲೆ ಆ ಅರಿಶಿನದ ಫೋಟೋವನ್ನು ಅಕ್ಕನ ಕೈಗೆ ಕೊಟ್ಟು ಹೇಗಿದೆ ಎಂದು ಕೇಳಿದೆ. ಅವಳು ಅದನ್ನು ಮೂಗಿನ ಹತ್ತಿರ ಹಿಡಿದು, ಚೆನ್ನಾಗಿ ಬಂದಿದೆ, ಅರಿಶಿನ ಒಂದು ಚಿಟಿಕೆ ಜಾಸ್ತಿಯೇ ಆಗಿದೆ ಎಂದಳು.

ಅವಳು ಪಾತ್ರೆ ತೊಳೆಯಲು ಹಿತ್ತಲಿಗೆ ಹೋದಾಗ ಭಾವನನ್ನು ಹಿಡಿದು ಕೇಳಿದೆ. ಅವರು ಕಂಪ್ಯೂಟರಿನ ಕಡೆ ನೋಡುತ್ತ ಎಲ್ಲ ಹೇಳಿದರು. ಕಳೆದ ವರ್ಷವೇ ಕಣ್ಣಿನ ಶಿಬಿರದಲ್ಲಿ ಅಕ್ಕನ ಎರಡೂ ಕಣ್ಣಿಗೆ ಪೊರೆ ಬಂದಿದೆ, ತೆಗೆಸಬೇಕು ಎಂದಿದ್ದರಂತೆ. ನಮ್ಮಜ್ಜಿ ಹಿಂದೆ ಕಣ್ಣಿಗೆ ಕತ್ತಿ ಹಾಕಿಸಿಕೊಂಡು ಇದ್ದ ನೋಟವನ್ನೂ ಕಳೆದುಕೊಂಡವಳು. ಅವಳ ಕೈ ಹಿಡಿದು ನಡೆಸಿದವಳು ಅಕ್ಕನೇ. ಹಾಗಾಗಿ ಅಕ್ಕ, ನನಗೆ ಎಲ್ಲ ಕಾಣುತ್ತದೆ, ಮತ್ತೆ ಈ ಮಾತು ಎತ್ತಿದರೆ ಮಳಗಿಗೆ ಹೋಗಿಬಿಡುತ್ತೇನೆ ಎಂದು ಬಾಯಿ ಮುಚ್ಚಿಸಿದ್ದಳು. ಆಗಿನಿಂದ ಅವಳು ಹೇಳುವ ಹದದಲ್ಲಿ ಹಳದಿಯ ಅಂಕಿ ಇಳಿಯುತ್ತಲೇ ಬಂದಿತ್ತು. ಪೊರೆಯ ಹಿಂದಿನಿಂದ ಅವಳಿಗೆ ಜಗತ್ತೇ ಹಳದಿ ಕಾಣುತ್ತಿತ್ತು, ಅದಕ್ಕೇ ತೆಗೆಯಿರಿ ತೆಗೆಯಿರಿ ಎನ್ನುತ್ತಿದ್ದಳು, ಹಳದಿ ಇಳಿದಷ್ಟೂ ಫೋಟೋ ನೀಲಿಗೆ ತಿರುಗುತ್ತಿತ್ತು. ಭಾವನಿಗೆ ಬಣ್ಣ ತಿಳಿಯದಿದ್ದರೂ ಅಂಕಿ ತಿಳಿಯುತ್ತಿತ್ತು. ಅವಳ ಕಣ್ಣು ಹೋಗುತ್ತಿರುವುದನ್ನು ಅವರು ದಿನಾ ಲೆಕ್ಕದಲ್ಲಿ ನೋಡುತ್ತಿದ್ದರು.

ನನಗೆ ಸಿಟ್ಟು ನೆತ್ತಿಗೇರಿತು. ಗೊತ್ತಿದ್ದೂ ಊರಿಗೆಲ್ಲ ನೀಲಿ ಬಳಿದಿರಲ್ಲ, ಒಂದು ಮಾತು ಹೇಳಬಾರದಾಗಿತ್ತೇ ಎಂದೆ.

"ಏನಂತ ಹೇಳಲಿ? ನಿನ್ನ ಕಣ್ಣು ಸರಿ ಇಲ್ಲ ಅಂತ ನಾ ಹೇಳಬೇಕೇನು? ನಾ?" ಎಂದರು ಭಾವ. "ಬಣ್ಣ ಗೊತ್ತಿಲ್ಲದಾಂವ ಅಂತ ಆಕಿ ಒಂದ ದಿನಾನೂ ನನ್ನ ಆಡಿಕೊಂಡಿಲ್ಲ."

ಆ ಕಣ್ಣು ಹೋದರೆ ಅಕ್ಕನಿಗೆ ಕತ್ತಲೆ, ಭಾವನಿಗೂ ಕತ್ತಲೆಯೇ. ನೀವು ಹೇಳದಿದ್ದರೆ ನಾನು ಹೇಳುತ್ತೇನೆ ಎಂದು ಎದ್ದೆ. ಅವರು ನನ್ನನ್ನು ಕೂರಿಸಿದರು. ಅಕ್ಕ ಕೈ ಒರೆಸಿಕೊಂಡು ಬಂದಾಗ, ಸ್ವಲ್ಪ ಬಂದು ನೋಡು ಎಂದು ದಿನದಂತೆಯೇ ಕರೆದರು.

ಪರದೆಯ ಮೇಲೆ ಎರಡು ಸಣ್ಣ ಫೋಟೋ ಇಟ್ಟಿದ್ದರು. ಒಂದು ಹೆಡ್‌ಮಾಸ್ತರರ ಮಗಳದು. ಇನ್ನೊಂದು ನನ್ನ ಮದುವೆಯದು, ಅಕ್ಕ ನನಗೆ ಅರಿಶಿನ ಹಚ್ಚುತ್ತಿರುವುದು. ಕಂಪ್ಯೂಟರ್ ಬಂದ ಹೊಸತರಲ್ಲಿ ಹಳೆಯ ನೆಗೆಟಿವ್‌ನಿಂದ ಅದನ್ನು ತೆಗೆದು, ಅಕ್ಕನೇ ಒಂದು ಮಧ್ಯಾಹ್ನವೆಲ್ಲ ಕೂತು ಹದ ಹೇಳಿದ್ದಳು. ಈಗ ಅದನ್ನು ನೋಡಿ ಮುಖ ಕಿವುಚಿದಳು. ಇಷ್ಟು ಹಳದಿ ಯಾರು ಸುರಿದಿದ್ದಾರೆ, ನನ್ನ ತಂಗಿ ಕಾಮಾಲೆ ಆದವಳ ಹಾಗೆ ಕಾಣುತ್ತಾಳೆ ಎಂದಳು. ಭಾವ ಫೋಟೋದ ಪಕ್ಕದ ಅಂಕಿಗಳಿಗೆ ಬೆರಳು ತೋರಿಸಿದರು. ಅಕ್ಕ ನಮ್ಮಿಬ್ಬರ ಮುಖ ನೋಡಿದಳು, ಪರದೆಗೆ ಇನ್ನಷ್ಟು ಹತ್ತಿರ ಹೋದಳು.

"ಇದು ನಾನ ಹೇಳಿದ್ದಲ್ಲ?" ಎಂದಳು ಕೊನೆಗೆ.

"ಹೌದು."

"ಹಂಗಾದರ ಇಷ್ಟು ದಿನ ಮಂದಿ ಫೋಟೋನೆಲ್ಲ ಕೆಡಿಸಿದೆನಲ್ರಿ."

"ಏನೂ ಕೆಟ್ಟಿಲ್ಲ," ಎಂದರು ಭಾವ. "ಮೂಲ ಇದ್ದಂಗ ಐತಿ, ಮುಟ್ಟೇ ಇಲ್ಲ. ಮ್ಯಾಲಿನ ಹದ ಅಷ್ಟ ಬದಲಿ ಮಾಡೂದು."

ಅಕ್ಕ ಕೂತಳು. ಸೆರಗಿನಿಂದ ಕಣ್ಣು ಒರೆಸಿಕೊಂಡು ಮತ್ತೊಮ್ಮೆ ಪರದೆ ನೋಡಿದಳು. ಹುಬ್ಬಳ್ಳಿಗೆ ಯಾವಾಗ ಹೋಗೋಣ ಎಂದು ಅವಳೇ ಕೇಳಿದಳು.

ಹುಬ್ಬಳ್ಳಿಯಲ್ಲಿ ಅಕ್ಕನನ್ನು ಮೊದಲ ಕಣ್ಣಿನ ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋದಾಗ ಭಾವ ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಕೂತರು. ಜೀವಮಾನದಲ್ಲಿ ಮೊದಲ ಬಾರಿಗೆ ಅವರ ಎರಡೂ ಕಣ್ಣು ಪೂರ್ತಿ ತೆರೆದಿದ್ದನ್ನು ನಾನು ನೋಡಿದೆ. ಕಾಡಿಸಬೇಕೆಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಗೋಡೆಯ ಬಣ್ಣ ಯಾವುದು ಎಂದು ಅವರು ನನ್ನನ್ನು ಕೇಳಿದರು. ನಾನು ಏನೋ ಹೇಳಿದೆ. ತಲೆಯಾಡಿಸಿದರು, ಆದರೆ ನನ್ನ ಮಾತಿಗೆ ಅವರ ಬಳಿ ಅಂಕಿ ಇರಲಿಲ್ಲ ಎಂದು ಕಾಣುತ್ತದೆ.

ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಅಕ್ಕ ಮೊದಲು ಕಿಟಕಿಯ ಕಡೆ ನೋಡಿದಳು, ಆಮೇಲೆ ಹಾಸಿಗೆಯ ಮೇಲಿನ ಬಟ್ಟೆ ಮುಟ್ಟಿ ನೋಡಿದಳು, ನನ್ನ ಮುಖ ನೋಡಿ ನಕ್ಕಳು. ಕಾಣುತ್ತದೆಯೇ ಎಂದು ಕೇಳಲು ನಮಗಿಬ್ಬರಿಗೂ ಧೈರ್ಯ ಸಾಲಲಿಲ್ಲ. ಅವಳು ಭಾವನ ಕಡೆ ತಿರುಗಿದಳು. ನೋಡುತ್ತಲೇ ಇದ್ದಳು. ಆ ನಗು ಮೆಲ್ಲಗೆ ಕರಗಿತು.

"ಏನ್ರಿ, ನಿಮ್ಮ ಕೂದಲ ಯಾವಾಗ ಬೆಳ್ಳಗಾದವು?"

ಭಾವ ತಲೆಯ ಮೇಲೆ ಕೈ ಆಡಿಸಿಕೊಂಡರು.

"ಭಾಳ ದಿನಾ ಆತು. ನೀ ಹೇಳಲಿ ಅಂತ ಕಾಯಾಕತ್ತಿದ್ದೆ," ಎಂದರು. "ಬಣ್ಣ ಹಚ್ಚಿಕೊಳ್ಳಲೇನು?"

"ಬ್ಯಾಡ," ಎಂದಳು ಅಕ್ಕ. "ಹತ್ತರ ಬರ್ರಿ. ಇನ್ನೊಮ್ಮೆ ನೋಡ್ತೇನಿ."